ಮುಡಿ ಮತ್ತು ಮಡಿ: 'ಫಣಿಯಮ್ಮ' ಕಾದಂಬರಿಯಲ್ಲಿ ಹೆಣ್ಣಿನ ಅಸ್ಮಿತೆಯ ಪ್ರಶ್ನೆ

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಕಾದಂಬರಿಯನ್ನು ಕುರಿತು ಕನ್ನಡದಲ್ಲಿ ಬರವಣಿಗೆಗೆ ಕೊರತೆಯಿಲ್ಲ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ, ಪ್ರೇಮಾ ಕಾರಂತರು 1983ರಲ್ಲಿ ತೆರೆಗೆ ತಂದ ಚಲನಚಿತ್ರ, ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ (1989), ಇವು ಕೃತಿಯನ್ನು ಕನ್ನಡದ ಗಡಿಯಾಚೆಗೂ ಕೊಂಡೊಯ್ದಿವೆ. ಹೊರನಾಡಿನಲ್ಲಿ ಕನ್ನಡ ಸ್ತ್ರೀಸಾಹಿತ್ಯದ ಅಧ್ಯಯನಕ್ಕೆ ತೊಡಗುವ ಸಂಶೋಧಕರು ಮೊದಲು ಕೈಗೆತ್ತಿಕೊಳ್ಳುವ ಕೃತಿಗಳಲ್ಲಿ ಇದೂ ಒಂದು. ಹಾಗಿದ್ದೂ ಇದನ್ನು ಮತ್ತೊಮ್ಮೆ ಓದಬೇಕೆಂದು ನನಗನಿಸಿದುದಕ್ಕೆ ಕಾರಣ ಒಂದು ಮನೆಯ ನಡುಮನೆಯಲ್ಲಿ ನಡೆದ ಚರ್ಚೆ.

ನಾನು ವಾಸಿಸುವ ಗೋರೆಗಾಂವ್‌ನಲ್ಲಿ ಹತ್ತು ಹನ್ನೆರಡು ಮಂದಿ ಕನ್ನಡ ಮಹಿಳೆಯರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕವನ್ನು ಓದಿ ಮಾತಾಡುವ ರೂಢಿಯಿಟ್ಟುಕೊಂಡಿದ್ದಾರೆ. ದಕ್ಷಿಣ ಕನ್ನಡದವರು, ಉತ್ತರ ಕನ್ನಡದವರು, ವಿಜಯಪುರದ ಕಡೆಯವರು, ಎಲ್ಲರೂ ಅದರಲ್ಲಿದ್ದಾರೆ. ಕನ್ನಡವನ್ನು ಮನೆಯಲ್ಲಿ ಕೇಳಿ, ಶಾಲೆಯಲ್ಲಿ ಮರಾಠಿ ಕಲಿತ ತರುಣಿಯರೂ ಬರುತ್ತಾರೆ. 'ಫಣಿಯಮ್ಮ' ಓದಿದ ದಿನ ನನ್ನನ್ನೂ ಕರೆದಿದ್ದರು. ನಾನು ಮಾತು ಆರಂಭಿಸುವ ಮೊದಲೇ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು, "ಸರ್, ಈ ಅಜ್ಜಿ ತನಗಾಗಿ ಏನನ್ನೂ ಕೇಳಲೇ ಇಲ್ಲವಲ್ಲ. ಇಂಥವಳನ್ನು ನಾವು ಯಾಕೆ ಹೊಗಳಬೇಕು?" ಎಂದು ಕೇಳಿದಳು. ಮೂಲೆಯಲ್ಲಿ ಕುಳಿತಿದ್ದ ಎಂಬತ್ತರ ಹತ್ತಿರದ ಹಿರಿಯರೊಬ್ಬರು ಅವಳ ಕಡೆ ತಿರುಗಿ, "ಕೇಳಿದ್ದರೆ ಕೊಡುವವರು ಯಾರಿದ್ದರು ಮಗಾ?" ಎಂದರು. ಅಲ್ಲಿಗೆ ಸಭೆ ಎರಡು ಪಾಲಾಯಿತು. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಟಿಪ್ಪಣಿಯಲ್ಲಿ ಈ ಎರಡು ಮಾತುಗಳಿಗೂ ಉತ್ತರವಿರಲಿಲ್ಲ. ಪ್ರಸ್ತುತ ಲೇಖನ ಆ ಕೊರತೆಯನ್ನು ತುಂಬಿಕೊಳ್ಳುವ ಪ್ರಯತ್ನ.

1

ಕಾದಂಬರಿಯ ಹಂದರ ಸರಳವಾದುದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಲೆನಾಡಿನ ತೀರ್ಥಹಳ್ಳಿ ಸೀಮೆಯ ದೊಡ್ಡ ಬ್ರಾಹ್ಮಣ ಕುಟುಂಬವೊಂದರಲ್ಲಿ ಹುಟ್ಟಿದ ಹುಡುಗಿಗೆ ಒಂಬತ್ತನೆಯ ವಯಸ್ಸಿಗೆ ಮದುವೆಯಾಗುತ್ತದೆ. ಕೆಲವೇ ಕಾಲದಲ್ಲಿ ಗಂಡ ಹಾವು ಕಚ್ಚಿ ಸಾಯುತ್ತಾನೆ. ಫಣಿಯೆಂದರೆ ಸರ್ಪ, ಹೆಸರಿಗೂ ಬದುಕಿಗೂ ನಡುವಿನ ಈ ಕ್ರೂರ ಹೊಂದಾಣಿಕೆಯನ್ನು ಓದುಗ ಗಮನಿಸದೆ ಇರಲಾರ. ಹುಡುಗಿ ಮೈನೆರೆದ ಮೇಲೆ ಅವಳ ತಲೆ ಬೋಳಿಸಲಾಗುತ್ತದೆ. ಅಂದಿನಿಂದ ಒಪ್ಪೊತ್ತಿನ ಊಟ, ಮಡಿ, ಊರವರ ಬಾಣಂತನ, ಹಬ್ಬ ಹರಿದಿನಗಳ ದುಡಿಮೆ, ಇಷ್ಟೇ ಅವಳ ಬದುಕು. ಅದು ನೂರು ವರ್ಷಕ್ಕೂ ಮೀರಿ ಸಾಗುತ್ತದೆ. ಲೇಖಕಿ ಇದನ್ನು ಕಲ್ಪಿಸಿ ಬರೆದವರಲ್ಲ. ತಮ್ಮ ಬಂಧುವರ್ಗದಲ್ಲೇ ಇದ್ದ ಈ ವೃದ್ಧೆಯನ್ನು ಅವರು ಬಾಲ್ಯದಲ್ಲಿ ಕಂಡಿದ್ದರು. ವೃದ್ಧೆ ತನ್ನ ಕಥೆಯನ್ನು ಲೇಖಕಿಯ ತಾಯಿಗೆ ಹೇಳಿದ್ದಳು. ತಾಯಿ ಮಗಳಿಗೆ ಹೇಳಿದರು. ಹೀಗೆ ಮೂರು ತಲೆಮಾರಿನ ಹೆಂಗಸರ ಬಾಯಿಂದ ಬಾಯಿಗೆ ಹರಿದು ಬಂದ ಕಥೆಯಿದು ಎಂಬ ಅಂಶ ಕೇವಲ ಹಿನ್ನೆಲೆಯ ಮಾಹಿತಿಯಲ್ಲ. ಕಾದಂಬರಿಯ ಬಿಡಿಬಿಡಿಯಾದ ರಚನೆಗೂ, ಅಲ್ಲಲ್ಲಿ ಬರುವ ಹರಟೆಯ ಧಾಟಿಗೂ, ಕಾಲಾನುಕ್ರಮದ ಬಗೆಗಿನ ಔದಾಸೀನ್ಯಕ್ಕೂ ಅದೇ ಮೂಲ.

ಇಂದಿರಾ (1917–1994) ಅವರ ಬದುಕನ್ನೂ ಇಲ್ಲಿ ನೆನೆಯಬೇಕು. ಅವರಿಗೆ ದೊರೆತ ಶಾಲಾಶಿಕ್ಷಣ ಕೆಲವೇ ವರ್ಷಗಳದು. ಹನ್ನೆರಡರ ವಯಸ್ಸಿಗೆ ಮದುವೆ. ಮೊದಲ ಕಾದಂಬರಿ 'ತುಂಗಭದ್ರಾ' ಪ್ರಕಟವಾದದ್ದು 1963ರಲ್ಲಿ, ಅಂದರೆ ನಲವತ್ತೈದು ದಾಟಿದ ಮೇಲೆ. ಫಣಿಯಮ್ಮನಿಗೂ ಇಂದಿರಾ ಅವರಿಗೂ ನಡುವೆ ಮುಕ್ಕಾಲು ಶತಮಾನದ ಅಂತರವಿದ್ದರೂ ಮದುವೆಯ ವಯಸ್ಸಿನಲ್ಲಿ ಇದ್ದ ಅಂತರ ಮೂರೇ ವರ್ಷ. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹವನ್ನು ತಡೆಯಲು ಕಾನೂನು ಮಾಡಿತೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಕಾನೂನು ನಿಷೇಧಿಸಿದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಒಂಬತ್ತರ ಫಣಿಯಮ್ಮನನ್ನು ಅದೂ ಕಾಪಾಡುತ್ತಿರಲಿಲ್ಲ.

2

ನನ್ನ ಅಧ್ಯಯನದ ಕ್ಷೇತ್ರ ನಡುಗನ್ನಡ ಸಾಹಿತ್ಯ. ಆಧುನಿಕ ಕಾದಂಬರಿಯನ್ನು ಓದುವಾಗಲೂ ಹಳೆಯ ಕಾವ್ಯಗಳು ಹಿಂದಿನಿಂದ ಕೈಹಿಡಿದು ಎಳೆಯುತ್ತವೆ. 'ಫಣಿಯಮ್ಮ' ಓದುವಾಗ ನನ್ನನ್ನು ಎಳೆದದ್ದು ಕೂದಲು.

ಕನ್ನಡ ಕಾವ್ಯಪರಂಪರೆಯಲ್ಲಿ ಹೆಣ್ಣಿನ ಮುಡಿ ಬರಿಯ ಅಲಂಕಾರವಲ್ಲ. ಪಂಪನು ಭಾರತದ ಕಲಹದ ಮೂಲವನ್ನೇ ದ್ರೌಪದಿಯ ಕೇಶಪಾಶದಲ್ಲಿ ಕಾಣುತ್ತಾನೆ. ರನ್ನನ ಭೀಮನ ಪ್ರತಿಜ್ಞೆ ಪೂರ್ಣವಾಗುವುದು ಅದೇ ಮುಡಿಯನ್ನು ಕಟ್ಟಿದಾಗ. ಕುಮಾರವ್ಯಾಸನ ದ್ರೌಪದಿ ಬಿಚ್ಚಿದ ಮುಡಿಯನ್ನೇ ತನ್ನ ಮಾತಾಗಿಸಿಕೊಂಡವಳು. ಮುಡಿಯನ್ನು ಎಳೆದವನೂ ಗಂಡು, ಕಟ್ಟುವವನೂ ಗಂಡು ಎಂಬುದು ನಿಜ. ಆದರೆ ಅದು ಬಿಚ್ಚಿಕೊಂಡಿರುವಷ್ಟು ಕಾಲ ಸಭೆಗೆ ನೆಮ್ಮದಿಯಿಲ್ಲ.

ಇದಕ್ಕಿಂತ ಮುಖ್ಯವಾದುದು ಅಕ್ಕಮಹಾದೇವಿಯ ಪ್ರಸಂಗ. ಶೂನ್ಯಸಂಪಾದನೆಗಳು ನಿರೂಪಿಸುವಂತೆ, ಉಡುಗೆಯನ್ನು ತೊರೆದು ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭು ಪರೀಕ್ಷಿಸುತ್ತಾನೆ. ಎಲ್ಲವನ್ನೂ ಬಿಟ್ಟವಳಿಗೆ ಕೂದಲ ಮರೆಯೇಕೆ ಎಂಬುದು ಅವನ ಪ್ರಶ್ನೆಯ ತಿರುಳು. ಒಳಗಿನ ಹಣ್ಣು ಪಕ್ವವಾಗದೆ ಹೊರಗಿನ ಸಿಪ್ಪೆಯ ಬಣ್ಣ ಬದಲಾಗದೆಂದೂ, ನೋಡುವ ನಿಮಗೆ ನೋವಾಗದಿರಲಿ ಎಂದೇ ಮರೆಮಾಡಿದೆನೆಂದೂ ಅಕ್ಕ ಉತ್ತರಿಸುತ್ತಾಳೆ. ಈ ಸಂವಾದದ ಆಧ್ಯಾತ್ಮಿಕ ಅರ್ಥಗಳನ್ನು ವಿದ್ವಾಂಸರು ಸಾಕಷ್ಟು ವಿವರಿಸಿದ್ದಾರೆ. ನನಗೆ ಇಲ್ಲಿ ಬೇಕಾದುದು ಅದರ ಲೌಕಿಕ ಮುಖ. ಹೆಣ್ಣಿನ ದೇಹದ ಬಗ್ಗೆ ಹೆಣ್ಣನ್ನೇ ಕೇಳಲಾಯಿತು. ತುಂಬಿದ ಸಭೆಯಲ್ಲಿ ಅವಳು ಉತ್ತರ ಕೊಟ್ಟಳು. ಉತ್ತರವನ್ನು ಸಭೆ ಒಪ್ಪಿತು. ಪ್ರಶ್ನೆ ಎಷ್ಟೇ ಕಠಿಣವಾಗಿದ್ದರೂ ಅದು ಅವಳನ್ನು ಉತ್ತರಿಸಬಲ್ಲವಳೆಂದು ಭಾವಿಸಿತ್ತು.

ಸುಮಾರು ಏಳು ಶತಮಾನಗಳ ಅನಂತರ ತುಂಗಾತೀರದ ಹಳ್ಳಿಯೊಂದರಲ್ಲಿ ಎಳೆಯ ಹುಡುಗಿಯ ಕೂದಲನ್ನು ತೆಗೆಸುವಾಗ ಯಾರೂ ಅವಳನ್ನು ಏನನ್ನೂ ಕೇಳಲಿಲ್ಲ. ಶಾಸ್ತ್ರ ಕೇಳಿದರು, ಮುಹೂರ್ತ ಕೇಳಿದರು, ಕ್ಷೌರಿಕನನ್ನು ಕರೆಸಿದರು. ಕಾದಂಬರಿಯ ಈ ಭಾಗದಲ್ಲಿ ಇಂದಿರಾ ಅವರು ಅಳುವಿಗೂ ಆಕ್ರೋಶಕ್ಕೂ ಹೆಚ್ಚಿನ ಎಡೆಗೊಡುವುದಿಲ್ಲ. ಮನೆಯ ಇತರ ಕೆಲಸಗಳಂತೆ ಇದೂ ಒಂದು ಕೆಲಸವಾಗಿ ನಡೆದುಹೋಗುತ್ತದೆ. ಈ ಸಂಯಮವನ್ನು ಕಲೆಗಾರಿಕೆಯ ಕೊರತೆಯೆಂದು ಕರೆದವರನ್ನು ನಾನು ಬಲ್ಲೆ. ನನಗೆ ಹಾಗೆ ತೋರುವುದಿಲ್ಲ. ಹಿಂಸೆಯನ್ನು ಹಿಂಸೆಯೆಂದು ಗುರುತಿಸುವ ಒಂದು ಕಣ್ಣೂ ಆ ಮನೆಯಲ್ಲಿರಲಿಲ್ಲವೆಂಬುದನ್ನು ಬೇರೆ ಯಾವ ರೀತಿಯಲ್ಲಿಯೂ ಇಷ್ಟು ನಿಖರವಾಗಿ ಹೇಳಲು ಸಾಧ್ಯವಿರಲಿಲ್ಲ.

ಮುಡಿ ಹೋದ ಜಾಗಕ್ಕೆ ಮಡಿ ಬರುತ್ತದೆ. ಒಂದು ಸ್ವರದ ಬದಲಾವಣೆಯಲ್ಲಿ ಹೆಣ್ಣಿನ ಜನ್ಮವೇ ಬದಲಾಗುತ್ತದೆ. ಈ ಪದಗಳನ್ನು ಹೊರನಾಡಿನ ಸಂಶೋಧಕರು ಎಚ್ಚರದಿಂದ ನೋಡಬೇಕು. ಮಡಿಯನ್ನು ಶುದ್ಧಿಯೆಂದು ಅನುವಾದಿಸಿದರೆ ಅರ್ಧ ಮಾತ್ರ ಬರುತ್ತದೆ. ಮಡಿ ಎಂಬುದು ಬಟ್ಟೆ, ಸ್ಥಳ, ಹೊತ್ತು, ಮುಟ್ಟುವ ಮತ್ತು ಮುಟ್ಟದಿರುವ ಕ್ರಮ, ಎಲ್ಲವನ್ನೂ ಒಳಗೊಂಡ ಆಡಳಿತ. 'ಮಡಿ ಹೆಂಗಸು' ಎಂದರೆ ಬೋಳುತಲೆಯ ವಿಧವೆ ಎಂದೇ ನಮ್ಮ ಕಡೆಯ ರೂಢಿ. ಗಂಡಸರಲ್ಲಿ ಮಡಿಯುಟ್ಟವರಿರುತ್ತಾರೆ, ಆದರೆ ಅದೇ ಅವರ ಜಾತಕವಾಗುವುದಿಲ್ಲ. ಕೂದಲು ಉಳಿಸಿಕೊಂಡ ವಿಧವೆಗೆ 'ಸಕೇಶಿ' ಎಂಬ ಪ್ರತ್ಯೇಕ ಹೆಸರಿತ್ತು. ಸಕೇಶಿಯ ಕೈಯ ಅಡುಗೆ ಶ್ರಾದ್ಧಕ್ಕೆ ಸಲ್ಲದು. ತಲೆ ಬೋಳಿಸಿಕೊಂಡವಳ ಕೈಯದು ಸಲ್ಲುತ್ತದೆ. ಅಂದರೆ ವ್ಯವಸ್ಥೆ ಅವಳಿಂದ ಕಸಿದುಕೊಂಡುದಕ್ಕೆ ಪ್ರತಿಯಾಗಿ ಒಂದು ಅಧಿಕಾರವನ್ನೂ ಕೊಡುತ್ತದೆ. ಆ ಅಧಿಕಾರವೆಂದರೆ ಇನ್ನಷ್ಟು ದುಡಿಮೆ ಎಂಬುದು ಬೇರೆ ಮಾತು.

ಇನ್ನೊಂದು ವಿಪರ್ಯಾಸವುಂಟು. ಮುಟ್ಟಬಾರದವನೆಂದು ದೂರವಿಟ್ಟ ಕ್ಷೌರಿಕನ ಕೈ ತಲೆಯ ಮೇಲೆ ಆಡಿದ ಮೇಲೆಯೇ ಅವಳು ಪೂರ್ಣ ಮಡಿಯಾಗುವುದು. ಬೇರೆ ಯಾವ ಗಂಡಸೂ ಮುಟ್ಟಲಾಗದ ಹೆಣ್ಣನ್ನು ಗೊತ್ತಾದ ದಿನಕ್ಕೊಮ್ಮೆ ಬಂದು ಮುಟ್ಟುವವನು ಅವನೊಬ್ಬನೇ.

3

ಇಲ್ಲಿ ಮುಂಬಯಿಯನ್ನು ನೆನೆಯದಿರಲಾಗದು. 1890ರಲ್ಲಿ ಈ ನಗರದಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಕತ್ತಿ ಕೆಳಗಿಟ್ಟರು. ಶಾಸ್ತ್ರಿಗಳೂ ಸುಧಾರಕರೂ ವಾದದಲ್ಲಿ ಮುಳುಗಿದ್ದಾಗ ಕೆಲಸ ಮಾಡುವ ಕೈಗಳೇ ನಿರಾಕರಿಸಿದ ಘಟನೆಯಿದು. ಅದಕ್ಕೂ ಒಂದು ವರ್ಷ ಮೊದಲು, 1889ರಲ್ಲಿ, ಪಂಡಿತಾ ರಮಾಬಾಯಿ ಇದೇ ನಗರದಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದಿದ್ದರು. ಅದೇ ಸದನದ ವಿದ್ಯಾರ್ಥಿನಿಯಾಗಿದ್ದ ವಿಧವೆ ಗೋದೂಬಾಯಿಯನ್ನು ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ವರಿಸಿದರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತುಂಗೆ ಹುಟ್ಟುವುದೂ ಅಲ್ಲೇ. ಅದೇ ನೀರು ಹರಿದು ತೀರ್ಥಹಳ್ಳಿಗೆ ಬರುತ್ತದೆ. ಆ ದಂಡೆಯ ಸೀಮೆಯಲ್ಲಿ ಫಣಿಯಮ್ಮ ಮಡಿಯುಟ್ಟು ಬದುಕಿದ್ದಳು. ಒಬ್ಬಳು ಘಟ್ಟವಿಳಿದು ದೇಶ ಸುತ್ತಿ, ಗಂಡನನ್ನು ಕಳೆದುಕೊಂಡ ಮೇಲೂ ಶಾಸ್ತ್ರವನ್ನು ಪ್ರಶ್ನಿಸಿದಳು. ಇನ್ನೊಬ್ಬಳು ಊರ ಬಾಣಂತಿಯರ ಮನೆಗಳಾಚೆಗೆ ಹೋಗಲಿಲ್ಲ.

ಈ ಹೋಲಿಕೆಯನ್ನು ಮಾಡಿಕೊಂಡೊಡನೆ ಆ ವಿದ್ಯಾರ್ಥಿನಿಯ ಆಕ್ಷೇಪಕ್ಕೆ ಬಲ ಬರುತ್ತದೆ. ಅವಳು ಬೆಳೆದ ಗೋರೆಗಾಂವ್ ಮೃಣಾಲ್ ಗೋರೆಯವರ ಊರು. 1958ರಲ್ಲಿ ಗಂಡನನ್ನು ಕಳೆದುಕೊಂಡ ಆಕೆ 1961ರಲ್ಲಿ ನಗರಪಾಲಿಕೆಗೆ ಆರಿಸಿಬಂದು, ಉಪನಗರದ ಬಡವರ ನೀರಿಗಾಗಿ ಹೋರಾಡಿ 'ಪಾಣೀವಾಲಿ ಬಾಯಿ' ಎನಿಸಿಕೊಂಡರು. 1970ರ ದಶಕದಲ್ಲಿ ಲಟ್ಟಣಿಗೆ ಹಿಡಿದ ಗೃಹಿಣಿಯರನ್ನು ಬೆಲೆಯೇರಿಕೆಯ ವಿರುದ್ಧ ಬೀದಿಗೆ ಕರೆತಂದರು. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಕಂಡು 1977ರಲ್ಲಿ ಲೋಕಸಭೆಗೆ ಹೋದರು. 'ಫಣಿಯಮ್ಮ' ಪ್ರಕಟವಾದ ಕಾಲಕ್ಕೇ ಇದೆಲ್ಲ ನಡೆಯುತ್ತಿತ್ತು. ಇಂಥ ಊರಿನ ಹುಡುಗಿ ಏನನ್ನೂ ಕೇಳದ ವಿಧವೆಯ ಕಥೆಗೆ ಬೆರಗಾಗಬೇಕೆಂದು ನಾವು ನಿರೀಕ್ಷಿಸುವುದು ನ್ಯಾಯವಲ್ಲ.

ಆದರೂ ಸುಧಾರಣೆಯ ಅಳತೆಗೋಲೊಂದರಿಂದಲೇ ಈ ಕಾದಂಬರಿಯನ್ನು ಅಳೆದರೆ ಏನು ತಪ್ಪಿಹೋಗುತ್ತದೆಂಬುದನ್ನು ನೋಡಬೇಕು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899) ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದುದು. ಅದರ ನಾಯಕಿಯೂ ಬಾಲವಿಧವೆ. ಅವಳು ಮನೆಬಿಟ್ಟು ಬಂದು, ವಿದ್ಯೆ ಕಲಿತು, ವಿದ್ಯಾವಂತನಾದ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಧೈರ್ಯದ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ವಿಧವೆಯ ಬಿಡುಗಡೆಯೆಂದರೆ ಇನ್ನೊಬ್ಬ ಒಳ್ಳೆಯ ಗಂಡ. ಕೆಟ್ಟ ಯಜಮಾನಿಕೆಯ ಜಾಗದಲ್ಲಿ ಸದ್ಗುಣಿಯಾದ ಯಜಮಾನನನ್ನು ತಂದು ನಿಲ್ಲಿಸಿದಾಗ ಕಥೆ ಸುಖಾಂತವಾಗುತ್ತದೆ. ಹೆಣ್ಣಿನ ಗುರುತು ಗಂಡನ ಮೂಲಕವೇ ಬರಬೇಕೆಂಬ ಮೂಲ ನಂಬಿಕೆ ಅಲುಗುವುದಿಲ್ಲ. ಮುಕ್ಕಾಲು ಶತಮಾನದ ಅನಂತರ ಹೆಣ್ಣೊಬ್ಬಳು ಬರೆದ 'ಫಣಿಯಮ್ಮ'ದಲ್ಲಿ ಎರಡನೆಯ ಗಂಡನಿಲ್ಲ. ಗಂಡನಿಲ್ಲದ ಒಂದು ಇಡೀ ಶತಮಾನವನ್ನು ಹೆಣ್ಣು ಹೇಗೆ ತುಂಬಿದಳೆಂಬುದೇ ಅದರ ವಸ್ತು.

'ಅಸ್ಮಿತೆ' ಎಂಬ ಪದದ ಬಗ್ಗೆಯೂ ಇಲ್ಲಿ ಒಂದು ಮಾತು. ಪತಂಜಲಿಯ ಯೋಗಸೂತ್ರದಲ್ಲಿ ಅದು ಐದು ಕ್ಲೇಶಗಳಲ್ಲಿ ಒಂದು. ಅವಿದ್ಯೆಯ ಮಗ್ಗುಲಲ್ಲಿ ಕೂರುವ, ತೊಲಗಿಸಬೇಕಾದ 'ನಾನು' ಎಂಬ ಭಾವ. ಇಂದಿನ ವಿಮರ್ಶೆಯಲ್ಲಿ ಅದು ಪಡೆಯಬೇಕಾದ ಹಕ್ಕು. ಪುರುಷರು ನಾನತ್ವವನ್ನು ಚೆನ್ನಾಗಿ ಅನುಭವಿಸಿದ ಮೇಲೆ ಅದನ್ನು ತ್ಯಜಿಸುವ ವೈಭವವನ್ನೂ ತಾವೇ ಪಡೆದರು. ಹೆಂಗಸರಿಗೆ ಪಡೆಯುವ ಮೊದಲೇ ತ್ಯಾಗದ ಉಪದೇಶವಾಯಿತು. ನಮ್ಮ ಮುಂಬಯಿ ಕನ್ನಡ ಕಾದಂಬರಿಯ ದೊಡ್ಡ ಹೆಸರುಗಳಾದ ಶಾಂತಿನಾಥ ದೇಸಾಯಿಯವರ 'ಮುಕ್ತಿ' (1961) ಮತ್ತು ಯಶವಂತ ಚಿತ್ತಾಲರ 'ಶಿಕಾರಿ' (1979) ಎರಡೂ ತನ್ನನ್ನು ತಾನು ಹುಡುಕಿಕೊಳ್ಳುವ ಗಂಡಸಿನ ಕಥನಗಳು. ಅವುಗಳ ಹಿರಿಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಗೌರೀಶನಿಗೂ ನಾಗಪ್ಪನಿಗೂ ತಮ್ಮ ಸಂಕಟವನ್ನು ಪುಟಗಟ್ಟಲೆ ವಿಶ್ಲೇಷಿಸಿಕೊಳ್ಳುವ ಬಿಡುವಿತ್ತು, ಭಾಷೆಯಿತ್ತು. ಫಣಿಯಮ್ಮನಿಗೆ ಎರಡೂ ಇಲ್ಲ. ಅವಳ ಅಸ್ಮಿತೆಯನ್ನು ಸ್ವಗತದಲ್ಲಿ ಹುಡುಕುವವನಿಗೆ ಅದು ಸಿಗುವುದಿಲ್ಲ.

4

ಹಾಗಾದರೆ ಎಲ್ಲಿ ಹುಡುಕಬೇಕು? ನನ್ನ ಉತ್ತರ: ಅವಳ ಕೈಗಳಲ್ಲಿ, ಮತ್ತು ಬೇರೆ ಹೆಂಗಸರ ವಿಷಯದಲ್ಲಿ ಅವಳು ಕೊಡುವ ತೀರ್ಪುಗಳಲ್ಲಿ.

ಕಾರಂತರ 'ಮೂಕಜ್ಜಿಯ ಕನಸುಗಳು' (1968) ಕೃತಿಯ ಮೂಕಜ್ಜಿಯೂ ಬಾಲವಿಧವೆ, ಇಳಿವಯಸ್ಸಿನವಳು. ಆದರೆ ಅವಳಿಗೆ ಕಾರಂತರು ಅತೀಂದ್ರಿಯ ದೃಷ್ಟಿಯನ್ನೂ, ಸೃಷ್ಟಿ, ಕಾಮ, ದೇವರುಗಳ ಬಗ್ಗೆ ನಿಸ್ಸಂಕೋಚವಾಗಿ ಮಾತಾಡುವ ನಾಲಗೆಯನ್ನೂ ಕೊಟ್ಟರು. ಮೂಕಜ್ಜಿ ಹೆಸರಿಗೆ ಮಾತ್ರ ಮೂಕಿ. ಕಾದಂಬರಿ ಮುಂದುವರಿದಂತೆ ಅವಳ ಬಾಯಲ್ಲಿ ಕಾರಂತರೇ ಮಾತಾಡುತ್ತಿದ್ದಾರೇನೋ ಎಂಬ ಅನುಮಾನ ಎಷ್ಟೋ ಓದುಗರಿಗೆ ಬಂದಿದೆ. ಫಣಿಯಮ್ಮನ ಬಾಯಲ್ಲಿ ಯಾವ ದರ್ಶನವೂ ಇಲ್ಲ. ಸುತ್ತಲಿನ ದಾಂಪತ್ಯಗಳು, ಕದ್ದ ಸಂಬಂಧಗಳು, ವರ್ಷವರ್ಷದ ಬಸಿರುಗಳು, ಇವನ್ನೆಲ್ಲ ಕಂಡು ದೇಹಸಂಬಂಧದ ಬಗ್ಗೆಯೇ ಅವಳಿಗೆ ಹೇವರಿಕೆ ಹುಟ್ಟುತ್ತದೆ. ಮಡಿಯ ಬದುಕನ್ನು ಅವಳು ತನ್ನದೆಂದು ಒಪ್ಪಿಕೊಳ್ಳುವುದಕ್ಕೆ ಭಕ್ತಿಗಿಂತ ಈ ಹೇವರಿಕೆಯೇ ಹೆಚ್ಚು ಕಾರಣ. ಇದು ವ್ಯವಸ್ಥೆಯ ಗೆಲುವೇ ಅಥವಾ ವ್ಯವಸ್ಥೆಯಿಂದ ಅವಳು ತಪ್ಪಿಸಿಕೊಂಡ ಬಗೆಯೇ? ಹಲವು ಸ್ತ್ರೀವಾದಿ ಓದುಗಳು ಮೊದಲನೆಯದೆಂದೇ ಹೇಳುತ್ತವೆ: ಕಾಮವನ್ನು ಕಸಿದುಕೊಂಡವರ ಕೆಲಸವನ್ನು ಅವಳೇ ಒಳಗಿನಿಂದ ಪೂರ್ಣಗೊಳಿಸಿದಳು ಎಂದು. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅವಳು ಕಂಡ ಲೋಕದಲ್ಲಿ ಕಾಮವೆಂದರೆ ಏನಾಗಿತ್ತೆಂಬುದನ್ನೂ ಕೇಳಬೇಕು. ಹನ್ನೆರಡರಲ್ಲಿ ಬಸಿರು, ಮೂವತ್ತಕ್ಕೆ ಮುಪ್ಪು, ಹೆರಿಗೆಯಲ್ಲಿ ಸಾವು. ಮುತ್ತೈದೆತನದ ಆ ಭಾಗ್ಯವನ್ನು ಹತ್ತಿರದಿಂದ ಕಂಡವಳು ತನಗೆ ಅದು ತಪ್ಪಿತೆಂದು ನಿಟ್ಟುಸಿರು ಬಿಡದಿದ್ದರೆ ಅದನ್ನು ಬರಿಯ ದಮನವೆನ್ನಲು ನನಗೆ ಮನಸ್ಸಾಗದು.

ಜನ್ನನ 'ಯಶೋಧರಚರಿತೆ'ಯನ್ನು (1209) ಇಲ್ಲಿ ಎದುರಿಗಿಟ್ಟು ನೋಡಬಹುದು. ಅಮೃತಮತಿಯ ಕಾಮವನ್ನು ನಾವು ಕಾಣುವುದು ರಾತ್ರಿ ಅವಳ ಹಿಂದೆ ಹೆಜ್ಜೆಯಿಟ್ಟು ಹೋದ ಗಂಡನ ಕಣ್ಣಿನಿಂದ. ನಮ್ಮ ಕಾವ್ಯಗಳಲ್ಲಿ ನೋಡುವವನು ಗಂಡು, ನೋಟಕ್ಕೆ ಸಿಕ್ಕಿಬಿದ್ದವಳು ಹೆಣ್ಣು. 'ಫಣಿಯಮ್ಮ'ದಲ್ಲಿ ನೋಡುವ ಕಣ್ಣು ಹೆಣ್ಣಿನದು, ಅದೂ ಯಾರ ಲೆಕ್ಕಕ್ಕೂ ಇಲ್ಲದ ಹೆಣ್ಣಿನದು. ಮಡಿ ಹೆಂಗಸಿನ ಮುಂದೆ ಮನೆಯವರಿಗೆ ಮುಚ್ಚುಮರೆ ಇರುವುದಿಲ್ಲ. ಕಂಬದಂತೆ, ಒನಕೆಯಂತೆ ಅವಳೂ ಮನೆಯ ಒಂದು ಸಾಮಾನು. ಆದ್ದರಿಂದಲೇ ಅವಳಿಗೆ ಎಲ್ಲವೂ ಕಾಣುತ್ತದೆ.

ಕಂಡದ್ದನ್ನು ಅವಳು ಏನು ಮಾಡುತ್ತಾಳೆ? ಇಲ್ಲಿ ದಾಕ್ಷಾಯಣಿಯ ಪ್ರಸಂಗಕ್ಕೆ ಬರಬೇಕು. ಕಾದಂಬರಿಯ ಪ್ರಾಣವಿರುವುದು ಅದರಲ್ಲಿ. ದಾಕ್ಷಾಯಣಿ ಎಳೆಯ ವಯಸ್ಸಿನಲ್ಲೇ ವಿಧವೆಯಾದವಳು. ತಲೆ ಕೊಡಲು ಅವಳು ಒಪ್ಪುವುದಿಲ್ಲ. ಮುಂದೆ ಗಂಡನ ಸೋದರನಿಂದಲೇ ಬಸಿರಾಗುತ್ತಾಳೆ, ಮತ್ತು ಅದಕ್ಕಾಗಿ ತಲೆತಗ್ಗಿಸುವುದೂ ಇಲ್ಲ. ಮನೆತನದ ಮಾನ, ಊರಿನ ಮಾತು, ಮಠದ ಭಯ ಎಲ್ಲವೂ ಅವಳ ಮೇಲೆ ಬೀಳುವಾಗ, ಇಡೀ ಜೀವನ ನಿಯಮವನ್ನು ಒಂದಿನಿತೂ ಮೀರದ ಫಣಿಯಮ್ಮ ಆ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. ತನಗಾದದ್ದು ಇನ್ನೊಬ್ಬಳಿಗೆ ಆಗಬೇಕಾಗಿಲ್ಲವೆಂಬುದು ಅವಳ ನಿಲುವು. ಕಾಲ ಬದಲಾಗಿದೆ, ಹುಡುಗಿಯನ್ನು ಬಿಡಿ ಎಂಬ ಧಾಟಿಯ ಈ ಮಾತಿಗೆ ಬೆಲೆ ಬರುವುದು ಹೇಳಿದವಳು ಫಣಿಯಮ್ಮನಾದ್ದರಿಂದ. ಸುಧಾರಕನೊಬ್ಬ ಹೇಳಿದ್ದರೆ ಜಾತಿಗೆಟ್ಟವನೆಂದು ತಳ್ಳಿಹಾಕುತ್ತಿದ್ದರು. ಮಡಿಯ ಪರಮಾವಧಿಯನ್ನು ಮುಟ್ಟಿದವಳೇ ಮಡಿ ಬೇಡವೆಂದರೆ ಊರು ಏನು ಮಾಡಬೇಕು?

ತೀರ್ಥಹಳ್ಳಿ ಸೀಮೆಯವರೇ ಆದ ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'ದಲ್ಲಿಯೂ ಇಂಥದೇ ಹೆಣ್ಣೊಬ್ಬಳಿದ್ದಾಳೆ. ಯಮುನಕ್ಕ ತರುಣ ವಿಧವೆ, ಬಸಿರಾದವಳು. ಬದುಕಿರುವಾಗಲೇ ಅವಳಿಗೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾರೆ. ಗಿರೀಶ ಕಾಸರವಳ್ಳಿಯವರ ಚಲನಚಿತ್ರ (1977) ಮುಗಿಯುವುದು ತಲೆ ಬೋಳಿಸಿಕೊಂಡು ಒಂಟಿಯಾಗಿ ಕುಳಿತ ಯಮುನೆಯ ಚಿತ್ರದಿಂದ. ಆ ಕಥೆಯಲ್ಲಿ ಯಮುನಕ್ಕನ ಮೇಲೆ ಪ್ರೀತಿಯಿರುವ ಒಂದೇ ಜೀವ ಪುಟ್ಟ ಹುಡುಗನದು. ಅವನಿಂದ ಏನೂ ಆಗದು. ನೋಡಿ ನೋಯುವ ಗಂಡುಮಗುವಿನ ಜಾಗದಲ್ಲಿ, ನೋಡಿ ಮಾತಾಡುವ ಮುದುಕಿಯೊಬ್ಬಳಿದ್ದರೆ? ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಹುಟ್ಟುವ ಈ ಪ್ರಶ್ನೆಯನ್ನು ನಮ್ಮ ವಿಮರ್ಶೆ ಸಾಕಷ್ಟು ಕೇಳಿಲ್ಲ. ನವ್ಯದ ಕೃತಿಯನ್ನು ಗಂಭೀರವೆಂದೂ, ಇಂದಿರಾ ಅವರದನ್ನು ಜನಪ್ರಿಯವೆಂದೂ ಬೇರೆಬೇರೆ ಕಪಾಟುಗಳಲ್ಲಿ ಇಟ್ಟುಬಿಟ್ಟದ್ದೇ ಅದಕ್ಕೆ ಕಾರಣ. ಆ ಕಪಾಟುಗಳನ್ನು ಮಾಡಿದವರಲ್ಲಿ ನನ್ನ ಪೀಳಿಗೆಯ ಅಧ್ಯಾಪಕರೂ ಇದ್ದೇವೆ. ಪಾಠಪಟ್ಟಿ ರೂಪಿಸುವ ಸಮಿತಿಗಳಲ್ಲಿ ಕುಳಿತು, ಮಹಿಳೆಯರ ಕಾದಂಬರಿಗಳನ್ನು 'ಪರಿಚಯಾತ್ಮಕ ಓದಿಗೆ' ಎಂಬ ಸಾಲಿನ ಕೆಳಗೆ ನಾನೂ ಬರೆದಿದ್ದೇನೆ.

ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವನ್ನು ಬರೆದಳು. ಪತಿವ್ರತೆಯ ಕರ್ತವ್ಯಗಳನ್ನು ಬೋಧಿಸುವುದು ಆ ಕಾವ್ಯದ ಉದ್ದೇಶ. ಹಾಗಿದ್ದರೂ ಹೆಣ್ಣೆಂದು ಹೀನೈಸುವವರನ್ನು ಒಂದು ಕಡೆ ಅವಳು ನೇರವಾಗಿ ಪ್ರಶ್ನಿಸುತ್ತಾಳೆ. ಹೆತ್ತವಳೂ ಪೊರೆದವಳೂ ಹೆಣ್ಣಲ್ಲವೇ ಎಂದು ಕೇಳಿ ಮತ್ತೆ ತನ್ನ ಧರ್ಮಬೋಧೆಗೆ ಮರಳುತ್ತಾಳೆ. ವ್ಯವಸ್ಥೆ ಕೊಟ್ಟ ಪೀಠದಲ್ಲಿ ಕುಳಿತೇ ವ್ಯವಸ್ಥೆಯನ್ನು ಕೇಳುವ ಈ ಕ್ರಮ ನಮ್ಮಲ್ಲಿ ಹಳೆಯದು. ಅಕ್ಕನದು ಹೊರಗೆ ನಡೆದ ದಾರಿ, ಹೊನ್ನಮ್ಮನದು ಒಳಗೆ ನಿಂತ ದಾರಿ. ಫಣಿಯಮ್ಮ ಹೊನ್ನಮ್ಮನ ಕುಲದವಳು. ಆದರೆ ಹೊನ್ನಮ್ಮ ಕೇಳಿದ್ದು ಮಾತಿನ ಗೌರವವನ್ನು. ಫಣಿಯಮ್ಮ ಕೇಳಿದ್ದು ಒಬ್ಬಳು ಹುಡುಗಿಯ ಕೂದಲನ್ನು, ಅವಳ ಹೊಟ್ಟೆಯ ಮಗುವನ್ನು. ಆದ್ದರಿಂದ ವಿದ್ಯಾರ್ಥಿನಿಗೆ ನಾನು ಅಂದು ಹೇಳಲಾಗದೆ ಹೋದ ಉತ್ತರವಿದು: ಫಣಿಯಮ್ಮ ಕೇಳಲಿಲ್ಲವೆಂಬುದು ಸರಿಯಲ್ಲ. ಕೊಡುವವರಿದ್ದಾರೆಂದು ಕಂಡ ಹೊತ್ತಿನಲ್ಲಿ, ತನಗೆ ಉಪಯೋಗವಿಲ್ಲದ ಕಾಲದಲ್ಲಿ, ಬೇರೊಬ್ಬಳಿಗಾಗಿ ಕೇಳಿದಳು.

5

ಇಷ್ಟು ಹೇಳಿದ ಮೇಲೂ ಕಾದಂಬರಿಯ ಮಿತಿಗಳನ್ನು ಮರೆಮಾಚಬೇಕಾಗಿಲ್ಲ. ಫಣಿಯಮ್ಮ ತೀರ ನಿರ್ದೋಷಿ. ಅವಳಿಗೆ ಸಿಟ್ಟಿಲ್ಲ, ಅಸೂಯೆಯಿಲ್ಲ, ನಾಲಗೆಯ ಚಾಪಲ್ಯವಿಲ್ಲ. ನನ್ನ ಅಜ್ಜಿಯ ಅಕ್ಕ ಕೆಂಪು ಸೀರೆಯ ಮಡಿ ಹೆಂಗಸು; ನಾನು ಕಂಡ ಆಕೆ ಉಪ್ಪಿನಕಾಯಿ ಭರಣಿಯ ಲೆಕ್ಕಕ್ಕಾಗಿ ಸೊಸೆಯಂದಿರೊಡನೆ ದಿನವಿಡೀ ಕಾದಾಡುತ್ತಿದ್ದರು, ಮತ್ತು ಆ ಕಾದಾಟದಲ್ಲೇ ಅವರ ಜೀವವಿತ್ತು. ಸಂತಳನ್ನಾಗಿ ಮಾಡುವುದೂ ಹೆಣ್ಣನ್ನು ಅಳಿಸುವ ಒಂದು ವಿಧಾನ. ಇಂದಿರಾ ಅವರ ಆರಾಧನಾಭಾವ ಎಷ್ಟೋ ಕಡೆ ಕಾದಂಬರಿಕಾರ್ತಿಯನ್ನು ಹಿಂದಕ್ಕೆ ತಳ್ಳಿ ಮೊಮ್ಮಗಳನ್ನು ಮುಂದೆ ನಿಲ್ಲಿಸುತ್ತದೆ.

ಜಾತಿಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಅಸ್ಪೃಶ್ಯ ಹೆಣ್ಣೊಬ್ಬಳ ಕಷ್ಟದ ಹೆರಿಗೆಗೆ ಫಣಿಯಮ್ಮ ಕೈಜೋಡಿಸುವ ಪ್ರಸಂಗವನ್ನು ವಿಮರ್ಶಕರು ಮಾನವೀಯತೆಯ ಶಿಖರವೆಂದು ಕೊಂಡಾಡಿದ್ದಾರೆ. ಮುಟ್ಟಬಾರದ ದೇಹವನ್ನು ಮಡಿ ಹೆಂಗಸು ಮುಟ್ಟುವುದು ಸಾಮಾನ್ಯವಾದ ಮಾತಲ್ಲ. ಆದರೆ ಅಲ್ಲಿ ನಮಗೆ ತಿಳಿಯುವುದು ಮುಟ್ಟಿದವಳ ಮನಸ್ಸು. ಹೆತ್ತವಳದು ನರಳುವ ದೇಹ ಮಾತ್ರ. ಅಕ್ಕನ ಕೂದಲಿನ ಬಗ್ಗೆ ಅಕ್ಕನನ್ನೇ ಕೇಳಿದಂತೆ ಈ ಹೆಣ್ಣನ್ನು ಕಾದಂಬರಿ ಏನನ್ನೂ ಕೇಳುವುದಿಲ್ಲ. ಅಷ್ಟೇ ಅಲ್ಲ, ವಿಧವೆಯ ದುರವಸ್ಥೆಯೆಂದು ನಾವು ಸಾರಾಸಗಟಾಗಿ ಮಾತಾಡುವುದು ಮೇಲುಜಾತಿಗಳ ಸಂಗತಿ. ಕರ್ನಾಟಕದ ಹಲವು ಶೂದ್ರ ಮತ್ತು ದಲಿತ ಸಮುದಾಯಗಳಲ್ಲಿ 'ಸೀರುಡಿಕೆ', 'ಕೂಡಿಕೆ' ಎಂಬ ಮರುಮದುವೆಯ ಪದ್ಧತಿಗಳಿದ್ದವು. ಮರಾಠಿ ಪ್ರದೇಶದಲ್ಲಿ 'ಪಾಟ್' ಇತ್ತು. ಮೊದಲ ಮದುವೆಯ ಗೌರವ ಅವಕ್ಕಿರಲಿಲ್ಲ ಎಂಬುದು ನಿಜವಾದರೂ ಕತ್ತಿಯ ಭಯವಂತೂ ಇರಲಿಲ್ಲ. ದಾಕ್ಷಾಯಣಿ ಯಾವುದಕ್ಕಾಗಿ ಊರನ್ನೇ ಎದುರಿಸಬೇಕಾಯಿತೋ ಅದು ಅದೇ ಊರಿನ ಇನ್ನೊಂದು ಕೇರಿಯಲ್ಲಿ ನಾಲ್ಕು ಜನ ಹಿರಿಯರ ಮುಂದೆ ಒಂದು ಸೀರೆ ಕೊಟ್ಟರೆ ಮುಗಿಯುತ್ತಿತ್ತು. ಕಾದಂಬರಿಗೆ ಆ ಕೇರಿಯ ದಾರಿ ಗೊತ್ತಿಲ್ಲ.

ಕಾಸರಗೋಡಿನ ಸಾರಾ ಅಬೂಬಕ್ಕರ್ (1936–2023) ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳನ್ನು ಹೋಲಿಕೆಗಾಗಿ ನೆನೆಯುವುದಾದರೆ, ಅಲ್ಲಿ ತಂದೆಯ ಹಟ ಹೆಣ್ಣನ್ನು ಗಂಡನಿಂದ ಬೇರ್ಪಡಿಸುತ್ತದೆ. ಮತ್ತೆ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಬೇಕೆಂಬ ಕಟ್ಟಳೆ ಅವಳನ್ನು ನೀರಿಗೆ ದೂಡುತ್ತದೆ. ಫಣಿಯಮ್ಮನದು ದೀರ್ಘಾಯುಷ್ಯ, ನಾದಿರಾಳದು ಅಕಾಲದ ಸಾವು. ಎರಡು ಧರ್ಮಗಳ ಎರಡು ಶಾಸ್ತ್ರಗಳು ಹೆಣ್ಣಿನ ದೇಹವನ್ನು ಕುರಿತು ಮಾತಾಡುವಾಗ ಎಷ್ಟು ಸಲೀಸಾಗಿ ಒಂದೇ ಭಾಷೆಯನ್ನಾಡುತ್ತವೆ ಎಂಬುದನ್ನು ಪ್ರತ್ಯೇಕ ಲೇಖನದಲ್ಲಿ ನೋಡಬೇಕು. ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಈ ಬಗೆಯ ತೌಲನಿಕ ಅಧ್ಯಯನಕ್ಕೆ ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಆಸಕ್ತಿ ಹೆಚ್ಚಿರುವುದು ಸಂತೋಷದ ವಿಷಯ. ಅನುವಾದದ ಮೂಲಕ ಬರುವವರು ಮಲೆನಾಡಿನ ಹೆಂಗಸರ ಆಡುಮಾತನ್ನು ಒಮ್ಮೆಯಾದರೂ ಮೂಲದಲ್ಲಿ ಕೇಳಿಸಿಕೊಳ್ಳಬೇಕು. 'ಫಣಿಯಮ್ಮ'ದ ಕಟಕಿಯೂ ಕನಿಕರವೂ ಇರುವುದು ಅದರಲ್ಲಿ. ಇಂಗ್ಲಿಷಿಗೆ ಬಂದಾಗ ಅದರ ಪ್ರತಿಭಟನೆ ಉಳಿದು ಹರಟೆ ಹೋಗುತ್ತದೆ.

ಗೋರೆಗಾಂವ್‌ನ ಆ ಸಭೆ ಮುಗಿದ ಮೇಲೆ, ಚಹಾದ ಹೊತ್ತಿನಲ್ಲಿ, ಆ ಹಿರಿಯರು ತಮ್ಮ ಸೋದರತ್ತೆಯ ಮಾತು ತೆಗೆದರು. ಊರಿನಲ್ಲಿ ಕ್ಷೌರಿಕ ಬರುವ ದಿನ ಅತ್ತೆ ಬೆಳಗಿನ ಜಾವವೇ ಎದ್ದು ಹಿತ್ತಿಲಿನ ಬಾಳೆಯ ಬುಡದಲ್ಲಿ ಬೆನ್ನು ಮಾಡಿ ಕೂರುತ್ತಿದ್ದರಂತೆ. ಬಂದವನು ವಯಸ್ಸಾದವನು. ಕೆಲಸ ಮುಗಿಯುವವರೆಗೂ ಇಬ್ಬರೂ ತಮ್ಮ ತಮ್ಮ ಮನೆಯ ಕಷ್ಟಸುಖ ಮಾತಾಡಿಕೊಳ್ಳುತ್ತಿದ್ದರಂತೆ. ಗಂಡಸೊಬ್ಬನೊಡನೆ ಅತ್ತೆ ಬಾಯಿಬಿಟ್ಟು ಮಾತಾಡಿದ್ದನ್ನು ಮನೆಯವರು ಕೇಳಿದ್ದು ಆಗ ಮಾತ್ರ. ಇದನ್ನು ಕೇಳಿದ ವಿದ್ಯಾರ್ಥಿನಿ ಲೋಟವನ್ನು ಕೆಳಗಿಟ್ಟು, "ಅವರು ಏನು ಮಾತಾಡುತ್ತಿದ್ದರು ಅಜ್ಜಿ?" ಎಂದು ಕೇಳಿದಳು. ಹಿರಿಯರಿಗೆ ನೆನಪಿರಲಿಲ್ಲ. ಆಗ ತಮಗೆ ಆರೋ ಏಳೋ ವರ್ಷ, ಹತ್ತಿರ ಹೋಗಲು ಬಿಡುತ್ತಿರಲಿಲ್ಲ ಎಂದರು.